ಬೆಳಕಿನ ಊರಿಗೆ ಒಂದು ಸಂಜೆಯ ವೇಳಾಪಟ್ಟಿ

ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ಕೇಳುವುದು, 'ಇಲ್ಲಿ ನೋಡುವಂಥದ್ದು ಏನಿದೆ?' ಎಂದು. ಪ್ಯಾರಿಸ್ಸಿನಲ್ಲಿ ಸಂಜೆ ಸುತ್ತಲು ಹೊರಡುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: 'ಇವತ್ತು ಸೂರ್ಯ ಮುಳುಗುವುದು ಎಷ್ಟು ಗಂಟೆಗೆ?'

ಮೇ ತಿಂಗಳ ನಡುವಿನಲ್ಲಿ ಬೆಂಗಳೂರಿನ ಸೂರ್ಯಾಸ್ತ ಸಂಜೆ 6.40ರ ಸುಮಾರಿಗೆ. ಪ್ಯಾರಿಸ್ಸಿನಲ್ಲಿ ರಾತ್ರಿ 9.20! ಇದಕ್ಕೆ ಎರಡು ಕಾರಣ. ಒಂದು, ಆ ನಗರ ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಸಿಗೆಯ ಹಗಲು ಅಲ್ಲಿ ಬಹಳ ದೀರ್ಘ. ಎರಡು, ಗಡಿಯಾರ. ಪ್ಯಾರಿಸ್ ಇರುವುದು ಗ್ರೀನ್‌ವಿಚ್ ರೇಖೆಯಿಂದ ಎರಡೇ ಡಿಗ್ರಿ ಪೂರ್ವಕ್ಕೆ. ಆದರೂ ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಗ್ರೀನ್‌ವಿಚ್ ಕಾಲಕ್ಕಿಂತ ಎರಡು ಗಂಟೆ ಮುಂದೆ ಓಡುತ್ತದೆ. ದೀಪ ನೋಡಲೆಂದು ಏಳು ಗಂಟೆಗೆ ಹೊರಟವರಿಗೆ ಸಿಗುವುದು ಬಿಸಿಲು.

ಮೇ ರಜೆಯಲ್ಲಿ ನಾವು ಮೂವರು ಅಲ್ಲಿದ್ದಾಗ ಕೈಯಲ್ಲಿದ್ದುದು ಒಂದೇ ಸಂಜೆ. ಮರುದಿನ ಬೆಳಿಗ್ಗೆ ರೈಲು. ಹತ್ತನೇ ತರಗತಿ ಮುಗಿಸಿದ್ದ ಮಗಳಿಗೆ ಐಫೆಲ್ ಗೋಪುರ ಮಿನುಗುವುದನ್ನು ನೋಡಬೇಕು. ನನ್ನ ಹೆಂಡತಿಗೆ ಮಂಡಿನೋವು. 'ಗೋಪುರ ನೀವಿಬ್ಬರೂ ನೋಡಿಕೊಂಡು ಬನ್ನಿ, ನಾನು ರೂಮಿನಲ್ಲೇ ಇರ್ತೀನಿ' ಎಂದಳು. ಅಷ್ಟು ದೂರ ಹೋಗಿ ಅವಳನ್ನು ನಾಲ್ಕು ಗೋಡೆಗಳ ನಡುವೆ ಬಿಟ್ಟು ಹೋಗುವುದೆ? ಮಗಳೂ ನಾನೂ ನಕಾಶೆ ಹರಡಿಕೊಂಡು ಕುಳಿತೆವು. ಸಮಸ್ಯೆ ಸ್ಪಷ್ಟವಾಗಿತ್ತು: ಮೂವರೂ ಕೊನೆಯವರೆಗೆ ಜೊತೆಗಿರಬೇಕು, ನಡಿಗೆ ಕಡಿಮೆಯಾಗಬೇಕು, ಮೆಟ್ಟಿಲು ಇನ್ನೂ ಕಡಿಮೆ.

ಸೇನ್ ನದಿಯೇ ದಾರಿ ತೋರಿಸಿತು. ನಗರದ ನಡುಭಾಗದಲ್ಲಿ ಅದು ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ತಿರುಗಿ ಹರಿಯುತ್ತದೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ನೀರಿನ ಜೊತೆಗೆ ಸಾಗಿದರೆ ಸೂರ್ಯಾಸ್ತ ಎದುರಿಗೇ ಇರುತ್ತದೆ. ಆದ್ದರಿಂದ ಪೂರ್ವದ ನೋತ್ರ್ ದಾಮ್ ಚರ್ಚಿನಿಂದ ಆರಂಭ, ಪಶ್ಚಿಮದ ಐಫೆಲ್ ಗೋಪುರದಲ್ಲಿ ಮುಕ್ತಾಯ. ಅಂತರ ಸುಮಾರು 5 ಕಿ.ಮೀ.; ನಡೆದದ್ದು ಅದರ ಅರ್ಧಕ್ಕಿಂತ ಕಡಿಮೆ.

ರಾತ್ರಿ 8 ಗಂಟೆಗೆ ಚರ್ಚಿನ ಮುಂದಿನ ಬಯಲು ತಲುಪಿದೆವು. ಅದರ ಎರಡು ಗೋಪುರಗಳಿರುವ ಮುಖ ಪಶ್ಚಿಮಕ್ಕಿದೆ. ಇಳಿಬಿಸಿಲು ನೇರವಾಗಿ ಬಿದ್ದಾಗ ಕಲ್ಲು ಹೊಂಬಣ್ಣ ತಾಳುತ್ತದೆ. ಬೆಳಿಗ್ಗೆ ಬಂದವರಿಗೆ ಈ ಮುಖ ನೆರಳಿನಲ್ಲಿರುತ್ತದೆ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಛಾವಣಿ ಕಳೆದುಕೊಂಡ ಈ ಚರ್ಚು 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು.

ಅಲ್ಲಿಂದ ನಿಧಾನವಾಗಿ ಪಾಂ ನ್ಯೂಫ್ ಸೇತುವೆಗೆ. ಹೆಸರಿನ ಅರ್ಥ 'ಹೊಸ ಸೇತುವೆ'. 1607ರಲ್ಲಿ ಮುಗಿದ ಅದೇ ಈಗ ನಗರದಲ್ಲಿ ಉಳಿದಿರುವ ಅತ್ಯಂತ ಹಳೆಯ ಸೇತುವೆ! ಅಂಚಿನಲ್ಲಿ ಅರ್ಧವೃತ್ತಾಕಾರದ ಕಲ್ಲುಬೆಂಚುಗಳಿವೆ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮುಂದಿನ ಸೇತುವೆಯ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡಿದೆವು.

ಇಲ್ಲಿಂದ ವಿಜ್ಞಾನದ ವಿದ್ಯಾರ್ಥಿಗಳು ಗಡಿಯಾರ ನೋಡಬೇಕು. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಸಂಧ್ಯಾಕಾಲ ನಮ್ಮಲ್ಲಿ ಸುಮಾರು 22 ನಿಮಿಷ. ಪ್ಯಾರಿಸ್ಸಿನಲ್ಲಿ ಮೇ ತಿಂಗಳಲ್ಲಿ ಅದು ಸುಮಾರು 37 ನಿಮಿಷ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಅಲ್ಲಿ ಓರೆಯಾಗಿ ಜಾರುತ್ತಾನೆ. ಆಕಾಶ ಕಡುನೀಲಿ, ದೀಪಗಳು ಹಳದಿ. ಎರಡೂ ಸರಿಸಮವಾಗಿ ಕಾಣುವ ಹೊತ್ತು ಇದು. ಈ 37 ನಿಮಿಷವನ್ನು ನಾವು ಲೂವ್ರ್ ಅರಮನೆಯ ಅಂಗಳಕ್ಕೆಂದೇ ಮೀಸಲಿಟ್ಟಿದ್ದೆವು. 1989ರಲ್ಲಿ ಉದ್ಘಾಟನೆಯಾದ ಗಾಜಿನ ಪಿರಮಿಡ್ ಒಳಗಿನಿಂದ ಬೆಳಗುತ್ತಿತ್ತು. ಒಂದು ಗಂಟೆ ಮೊದಲು ಬಂದಿದ್ದರೆ ಕಾಣುತ್ತಿದ್ದುದು ಗಾಜಿನಲ್ಲಿ ಆಕಾಶದ ಪ್ರತಿಬಿಂಬ ಮಾತ್ರ.

ಅಲ್ಲಿಂದ ಬಸ್ಸು ಹಿಡಿದೆವು. ಮೆಟ್ರೊ ವೇಗವಾಗಿದ್ದರೂ ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲುಗಳು ಬಹಳ; ವಯಸ್ಸಾದವರ ಜೊತೆ ಹೋಗುವವರು ಇದನ್ನು ನೆನಪಿಡಬೇಕು. 1900ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಮೂರನೇ ಅಲೆಕ್ಸಾಂಡರ್ ಸೇತುವೆಯ ಸಾಲುದೀಪಗಳನ್ನು ನೋಡಿ, ಕೊನೆಯ ಭಾಗಕ್ಕೆ ಟ್ಯಾಕ್ಸಿ ಮಾಡಿ ನದಿಯಾಚೆಯ ತ್ರೊಕದೇರೊ ಜಗಲಿ ಸೇರಿದಾಗ 11ಕ್ಕೆ ಹತ್ತು ನಿಮಿಷವಿತ್ತು. ಗೋಪುರ ಹತ್ತುವ ಆಸೆಯನ್ನು ಮಗಳು ಮನೆಯಲ್ಲೇ ಕೈಬಿಟ್ಟಿದ್ದಳು. ಗೋಪುರದ ಮೇಲೆ ನಿಂತವರಿಗೆ ಗೋಪುರ ಕಾಣುವುದಿಲ್ಲ ಎಂಬುದು ಅವಳದೇ ವಾದ.

11 ಗಂಟೆಗೆ ಸರಿಯಾಗಿ 20,000 ಬಲ್ಬುಗಳು ಒಮ್ಮೆಲೇ ಮಿನುಗತೊಡಗಿದವು. ಐದೇ ನಿಮಿಷ. ನನ್ನ ಹೆಂಡತಿ ಕಟ್ಟೆಯ ಮೇಲೆ ಕುಳಿತು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಒಂದು ಮಾತೂ ಆಡದೆ ನೋಡಿದಳು. ಆಮೇಲೆ, 'ಬಂದದ್ದು ಒಳ್ಳೇದಾಯ್ತು' ಎಂದಳು.

'ಅಪ್ಪ, ಇಷ್ಟು ದೀಪ ರಾತ್ರಿಯೆಲ್ಲ ಉರಿಯುತ್ತಾ?' ಎಂದು ಮಗಳು ಕೇಳಿದಳು. ಇಲ್ಲ. 2022ರಲ್ಲಿ ಯೂರೋಪಿಗೆ ಇಂಧನದ ಬಿಕ್ಕಟ್ಟು ಬಂದಾಗ, ಅದುವರೆಗೆ ರಾತ್ರಿ 1ರವರೆಗೆ ಉರಿಯುತ್ತಿದ್ದ ಗೋಪುರದ ದೀಪಗಳನ್ನು 11.45ಕ್ಕೇ ಆರಿಸಲು ನಗರಾಡಳಿತ ತೀರ್ಮಾನಿಸಿತು. 1667ರಲ್ಲಿ ಬೀದಿಗಳಿಗೆ ಮೋಂಬತ್ತಿಯ ಲಾಂದ್ರ ತೂಗುಹಾಕಿಸಿ, 1878ರಲ್ಲಿ ಯಾಬ್ಲೋಚ್‌ಕೋವ್‌ನ ವಿದ್ಯುತ್ ದೀಪಗಳನ್ನು ಅವೆನ್ಯೂ ದ ಲೋಪೆರಾದಲ್ಲಿ ಬೆಳಗಿಸಿದ ಊರು, ದೀಪ ಆರಿಸುವುದನ್ನೂ ಕಲಿತಿದೆ.

ಗೋಪುರದ ಮೊದಲ ಅಂತಸ್ತಿನ ಸುತ್ತ 72 ವಿಜ್ಞಾನಿಗಳು, ಎಂಜಿನಿಯರುಗಳ ಹೆಸರುಗಳನ್ನು ಐಫೆಲ್ ಬರೆಸಿದ್ದ: ಲವಾಸಿಯೆ, ಆಂಪಿಯರ್, ಕೂಲಂಬ್, ಫೂಕೊ. ಪಠ್ಯಪುಸ್ತಕದ ಪರಿಚಿತರೇ. ಲೋಹದ ಫಲಕಗಳ ಕಂಪನದ ಗಣಿತಕ್ಕೆ ತಳಪಾಯ ಹಾಕಿದ ಸೋಫಿ ಜರ್ಮೇನ್ ಸೇರಿದಂತೆ ಒಬ್ಬ ಮಹಿಳೆಯ ಹೆಸರೂ ಆ ಪಟ್ಟಿಯಲ್ಲಿರಲಿಲ್ಲ. ಮಕ್ಕಳಿಗೆ ಇದನ್ನೂ ಹೇಳಿ.

ದಸರಾ ರಜೆಯಲ್ಲಿ ಹೋಗುವವರಿಗೆ ಒಂದು ಸಣ್ಣ ಲೆಕ್ಕ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯಾಸ್ತ ಸಂಜೆ 7ರ ಸುಮಾರಿಗೆ. ಹಾಗಾದರೆ ಚರ್ಚಿನ ಮುಂದೆ ಎಷ್ಟು ಗಂಟೆಗೆ ಇರಬೇಕು, ಗೋಪುರದ ಯಾವ ಮಿನುಗಿಗೆ ತಲುಪಬಹುದು? ದೀಪದ ವೇಳೆಯನ್ನು ಅಲ್ಲಿಯೇ ವಿಚಾರಿಸಿಕೊಳ್ಳಿ. ಋತುವಿಗೆ ತಕ್ಕಂತೆ ಅದು ಬದಲಾಗಬಹುದು. ಉಳಿದ ವೇಳಾಪಟ್ಟಿಯನ್ನು ಮನೆಯ ಮಕ್ಕಳೇ ಬರೆಯಲಿ. ಆದರೆ ಪೆನ್ಸಿಲ್ ಕೈಗೆತ್ತಿಕೊಳ್ಳುವ ಮುನ್ನ, ಮನೆಯಲ್ಲಿ ಯಾರ ಕಾಲಿಗೆ ಎಷ್ಟು ದೂರ ಸಾಧ್ಯ ಎಂದು ಒಮ್ಮೆ ಕೇಳಿಕೊಳ್ಳಲಿ.