ಕಬ್ಬನ್ ಉದ್ಯಾನದಲ್ಲಿ ಕಾಲು ಮತ್ತು ಕಾಲ

ಬೆಂಗಳೂರಿನ ನಡುಭಾಗದಲ್ಲಿ, ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಹೊಂದಿಕೊಂಡು ಹಬ್ಬಿರುವ ಕಬ್ಬನ್ ಉದ್ಯಾನಕ್ಕೆ ಮುಂಜಾನೆ ಹೋದವರಿಗೆ ಒಂದು ವಿನೋದದ ದೃಶ್ಯ ಕಾಣಸಿಗುತ್ತದೆ. ಮಬ್ಬು ಬೆಳಕಿನಲ್ಲಿ ಓಡುತ್ತ ಬಂದವರು ಯಾವುದೋ ಒಂದು ಮರದ ಬಳಿ ತಟಕ್ಕನೆ ನಿಲ್ಲುತ್ತಾರೆ. ಏದುಸಿರು ಇಳಿಯುವ ಮೊದಲೇ ಮಣಿಕಟ್ಟನ್ನು ಕಣ್ಣಿನ ಸಮೀಪಕ್ಕೆ ತರುತ್ತಾರೆ. ಕೆಲವರ ಮುಖ ಅರಳುತ್ತದೆ, ಕೆಲವರದು ಬಾಡುತ್ತದೆ. ಮೈ ಬೆವರಿದ್ದು ಒಂದೇ ರೀತಿ, ಮರಗಳು ನೆರಳು ಕೊಟ್ಟದ್ದೂ ಒಂದೇ ರೀತಿ. ಆದರೆ ಅಂದಿನ ಸುಖದುಃಖವನ್ನು ನಿರ್ಣಯಿಸುವುದು ಆ ಪುಟ್ಟ ಗಾಜಿನ ಮೇಲಿನ ಅಂಕೆ.

ಈ ಉದ್ಯಾನ ಓಟಗಾರರಿಗಾಗಿ ಹುಟ್ಟಿದ್ದಲ್ಲ. ೧೮೭೦ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದಾಗ ಇದರ ಹೆಸರು ಮೀಡ್ಸ್ ಪಾರ್ಕ್. ಅನಂತರ, ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಅಂಟಿಕೊಂಡಿತು. ೧೯೨೭ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾದರೂ ಜನರ ನಾಲಿಗೆ ಹಳೆಯ ಹೆಸರನ್ನು ಬಿಡಲಿಲ್ಲ. ಸಂಜೆಯ ವಾದ್ಯಮೇಳಕ್ಕೂ ಗಾಳಿಸೇವನೆಗೂ ಮೀಸಲಾಗಿದ್ದ ದಾರಿಗಳಲ್ಲಿ ಇಂದು ನಸುಕಿನಿಂದಲೇ ಬೂಟುಗಳ ಸದ್ದು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಊರಿನ ತಂಪು, ಬಿದಿರು ಮೆಳೆಯ ಮರ್ಮರ, ಕಾಲಿಗೆ ಹಿತವಾದ ಮಣ್ಣಿನ ದಾರಿ: ಓಡಲು ಕಲಿಯುವವನಿಗೆ ಇನ್ನೇನು ಬೇಕು?

ಬೇಕಾದದ್ದು ಇದೆ. ಎಷ್ಟು ದೂರ ಓಡಿದೆ, ಎಷ್ಟು ಹೊತ್ತು ಓಡಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಪದಕಕ್ಕಾಗಿ ಓಡುವವರಲ್ಲ. ರಕ್ತದ ಸಕ್ಕರೆ ಗಡಿ ಮುಟ್ಟಿದೆಯೆಂದು ವೈದ್ಯರಿಂದ ಎಚ್ಚರಿಕೆ ಕೇಳಿ ಬಂದ ಗುಮಾಸ್ತರು, ದಿನವಿಡೀ ಕುರ್ಚಿಗೆ ಅಂಟಿಕೊಂಡು ಬೆನ್ನು ಬಾಗಿಸಿಕೊಂಡ ಯುವಕರು, ಮಕ್ಕಳನ್ನು ದಡ ಸೇರಿಸಿದ ಮೇಲೆ ತಮ್ಮ ದೇಹದ ಕಡೆ ತಿರುಗಿ ನೋಡಿದ ಗೃಹಿಣಿಯರು. ಇವರಿಗೆ ಓಟವೆಂಬುದು ವಿಲಾಸವಲ್ಲ; ಆಯುಸ್ಸಿನ ಪ್ರಶ್ನೆ. ಅಳತೆ ತಪ್ಪಿದರೆ ಇಂಥವರಿಗೆ ಎರಡು ಬಗೆಯ ಅಪಾಯ. ಕಡಿಮೆ ಓಡಿದೆನೆಂಬ ಭ್ರಮೆಯಿಂದ ಮೈಮೀರಿ ಓಡಿ ಮಂಡಿ ನೋಯಿಸಿಕೊಳ್ಳಬಹುದು. ಇಲ್ಲವೇ, ಏನೂ ಸುಧಾರಣೆಯಾಗಲಿಲ್ಲವೆಂದು ಬೇಸತ್ತು ಮೂರನೆಯ ವಾರದಲ್ಲೇ ಓಟಕ್ಕೆ ಶರಣು ಹೊಡೆಯಬಹುದು.

ಉದ್ಯಾನದ ಕಲ್ಲುಬೆಂಚುಗಳ ಬಳಿ ನಿತ್ಯವೂ ಕೇಳಿಬರುವ ಮಾತುಕತೆ ಹೀಗಿರುತ್ತದೆ.

"ಸಾರ್, ಓಡೋದಕ್ಕೆ ಶುರು ಮಾಡಿದೀನಿ. ಯಾವ ವಾಚು ತಗೊಳ್ಳಲಿ?"

"ಎಷ್ಟು ದಿವಸ ಆಯ್ತು ಶುರು ಮಾಡಿ?"

"ಇವತ್ತೇ ಮೊದಲು ಸಾರ್."

"ಹಾಗಾದರೆ ಒಂದು ತಿಂಗಳು ಓಡಿ ಬನ್ನಿ. ಆಮೇಲೆ ಹೇಳ್ತೀನಿ."

ಹಳಬರ ಈ ಉತ್ತರದಲ್ಲಿ ಕುಚೋದ್ಯಕ್ಕಿಂತ ವಿವೇಕವೇ ಹೆಚ್ಚು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಅವಸರ ಹೊಸಬರಿಗೆ ಸಹಜ. ಸಾವಿರಾರು ರೂಪಾಯಿಯ ಗಡಿಯಾರ ಮೇಜಿನ ಖಾನೆಯಲ್ಲಿ ಮಲಗಿ, ಒಡೆಯನೂ ಹಾಸಿಗೆಯಲ್ಲಿ ಮಲಗಿರುವ ಮನೆಗಳು ಈ ಊರಿನಲ್ಲಿ ಕಡಿಮೆಯಿಲ್ಲ.

ಕೈಗಡಿಯಾರದ ಊರು

ಗಡಿಯಾರದ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಆದ ಚರಿತ್ರೆಯಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆ ಇಲ್ಲಿ ಆರಂಭವಾದದ್ದು ೧೯೬೧ರಲ್ಲಿ. ದಿನಕ್ಕೊಮ್ಮೆ ಕೀಲಿ ಕೊಡುವ 'ಜನತಾ' ಗಡಿಯಾರ ಮದುವೆಯ ಉಡುಗೊರೆಯಾಗಿ, ಪರೀಕ್ಷೆ ಪಾಸಾದ ಬಹುಮಾನವಾಗಿ ಎಷ್ಟೋ ಮನೆಗಳನ್ನು ಹೊಕ್ಕಿತು. ೨೦೧೬ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಜಾಲಹಳ್ಳಿಯ ವಸ್ತುಸಂಗ್ರಹಾಲಯ ಇಂದು ಅದರ ನೆನಪನ್ನು ಕಾಪಾಡಿಕೊಂಡು ಬಂದಿದೆ.

ಅಂಥ ಹಳೆಯ ಗಡಿಯಾರ ಕೈಯಲ್ಲಿದ್ದರೂ ಓಟ ಕಲಿಯಲು ಅಡ್ಡಿಯಿಲ್ಲ. ಸೆಕೆಂಡಿನ ಮುಳ್ಳು ಹನ್ನೆರಡನ್ನು ಮುಟ್ಟಿದಾಗ ಹೊರಡುವುದು, ನಿಂತಾಗ ನೋಡುವುದು, ಇಷ್ಟೇ ವಿಧಿ. ದಿನಕ್ಕೆ ಕೆಲವು ಸೆಕೆಂಡು ಹಿಂದುಮುಂದಾಗುವ ಗಡಿಯಾರ ಅರ್ಧ ಗಂಟೆಯ ಓಟದಲ್ಲಿ ತಪ್ಪುವುದು ಗಣನೆಗೆ ಬಾರದಷ್ಟು ಅಲ್ಪ. ಇದಕ್ಕಿಂತ ಅನುಕೂಲವಾದದ್ದು ಗುಂಡಿಯೊತ್ತುವ ಅಗ್ಗದ ಡಿಜಿಟಲ್ ಗಡಿಯಾರ. ಅದರೊಳಗಿನ ಸ್ಫಟಿಕ ಸೆಕೆಂಡಿಗೆ ೩೨,೭೬೮ ಸಲ ಕಂಪಿಸಿ ಕಾಲವನ್ನು ಅಳೆಯುತ್ತದೆ. ಆದರೆ ಕೊಳ್ಳುವ ಮುನ್ನ ಒಂದು ವಿಷಯವನ್ನು ವಿಚಾರಿಸುವುದು ಲೇಸು. ೧೯೮೯ರಲ್ಲಿ ಬಂದು ಲೋಕಪ್ರಿಯವಾದ ಕ್ಯಾಸಿಯೊ ಎಫ್-೯೧ಡಬ್ಲ್ಯೂ ಗಡಿಯಾರದ ಸ್ಟಾಪ್ ವಾಚ್ ಒಂದು ಗಂಟೆ ತುಂಬುತ್ತಲೂ ಮತ್ತೆ ಸೊನ್ನೆಗೆ ಮರಳುತ್ತದೆ. ಅರ್ಧ ಗಂಟೆ ಓಡುವವನಿಗೆ ಅದು ಬೇಕಾದಷ್ಟಾಯಿತು. ಗಂಟೆ ಮೀರಿ ಓಡುವವನು ಬೇರೆಯದನ್ನು ನೋಡಬೇಕು. ಪ್ರತಿ ಸುತ್ತಿನ ಕಾಲವನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುವ, ಕತ್ತಲಲ್ಲಿ ಬೆಳಗುವ, ಬೆವರಿಗೂ ಮಳೆಗೂ ಹೆದರದ ಗಡಿಯಾರ ದೊರೆತರೆ ಕಾಲದ ಮಟ್ಟಿಗೆ ಚಿಂತೆ ತೀರಿತು.

ದೂರವನ್ನು ಅಳೆಯುವ ಬಗೆ

ಕಾಲವನ್ನು ಅಳೆದಷ್ಟು ಸುಲಭವಾಗಿ ದೂರವನ್ನು ಅಳೆಯಲಾಗದು. ಅದನ್ನು ಕಲಿಯಲು ಉದ್ಯಾನದ ದಕ್ಷಿಣಕ್ಕಿರುವ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕು. ಒಂದು ಕಾಲದಲ್ಲಿ ಅದು ಸಂಪಂಗಿ ಕೆರೆಯ ಅಂಗಳ. ನೀರು ಬತ್ತಿದ ಆ ನೆಲದಲ್ಲಿ ಇಂದು ಕೃತಕ ಹಾಸಿನ ಓಟದ ಪಥವಿದೆ. ೨೦೨೫ರ ಜುಲೈನಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆದು ಗೆದ್ದದ್ದು ಇದೇ ಅಂಗಳದಲ್ಲಿ. ಪಂದ್ಯಗಳಿಲ್ಲದ ದಿನ, ಅಲ್ಲಿಯ ನಿಯಮ ವಿಚಾರಿಸಿ ಅನುಮತಿ ಪಡೆದು ಓಡುವವನಿಗೆ ಭೂಮಿಯೇ ಅಳತೆಗೋಲಾಗುತ್ತದೆ.

ಆದರೆ ಆ ಅಳತೆಗೋಲಿಗೂ ಒಂದು ಗುಟ್ಟುಂಟು. ಒಂದು ಸುತ್ತು ೪೦೦ ಮೀಟರ್ ಎಂಬ ಮಾತು ಒಳಗಿನ ಮೊದಲನೆಯ ಪಥಕ್ಕೆ ಮಾತ್ರ ಸಲ್ಲುತ್ತದೆ. ಅದೂ ಒಳ ಅಂಚಿನಿಂದ ೩೦ ಸೆಂಟಿಮೀಟರ್ ಹೊರಗೆ ಅಳೆದಾಗ. ಪಥದ ಅಗಲ ೧.೨೨ ಮೀಟರ್. ಹೊರಹೊರಗೆ ಹೋದಂತೆ ತಿರುವು ದೊಡ್ಡದಾಗುವುದರಿಂದ ಎರಡನೆಯ ಪಥದ ಸುತ್ತು ೪೦೭ ಮೀಟರ್ ದಾಟುತ್ತದೆ. ನಾಲ್ಕನೆಯದು ೪೨೨ ಮೀಟರಿಗೂ ಹೆಚ್ಚು. ಎಂಟನೆಯದು ೪೫೩ ಮೀಟರ್.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ವೇಗವಾಗಿ ಓಡುವ ಕ್ರೀಡಾಪಟುಗಳಿಗೆ ಒಳಗಿನ ಪಥ ಬಿಟ್ಟುಕೊಟ್ಟು ನಾಲ್ಕನೆಯ ಪಥದಲ್ಲಿ ಓಡುವುದು ಹೊಸಬನ ಸೌಜನ್ಯ. ಹಾಗೆ ಹತ್ತು ಸುತ್ತು ಓಡಿ ೨೮ ನಿಮಿಷ ತೆಗೆದುಕೊಂಡವನು, 'ನಾಲ್ಕು ಕಿಲೋಮೀಟರ್ ಆಯಿತು, ಕಿಲೋಮೀಟರಿಗೆ ಏಳು ನಿಮಿಷ' ಎಂದು ಬರೆದುಕೊಳ್ಳುತ್ತಾನೆ. ನಿಜವಾಗಿ ಅವನು ಓಡಿದ್ದು ಸುಮಾರು ೪,೨೨೪ ಮೀಟರ್. ವೇಗ ಕಿಲೋಮೀಟರಿಗೆ ೬ ನಿಮಿಷ ೩೮ ಸೆಕೆಂಡು. ಸೌಜನ್ಯಕ್ಕಾಗಿ ಇನ್ನೂರಿಪ್ಪತ್ತನಾಲ್ಕು ಮೀಟರ್ ಹೆಚ್ಚು ಓಡಿ, ತಾನು ನಿಧಾನವೆಂದು ನೊಂದುಕೊಂಡು, ಮರುದಿನ ಇನ್ನೂ ರಭಸದಿಂದ ಓಡಿ ಕಾಲು ಉಳುಕಿಸಿಕೊಂಡರೆ ಆ ತಪ್ಪು ಕಾಲಿನದಲ್ಲ, ಲೆಕ್ಕದ್ದು.

ಈ ಪಥದಲ್ಲೇ ಇನ್ನೊಂದು ಉಪಾಯವನ್ನೂ ಕಲಿಯಬಹುದು. ಮೊದಲನೆಯ ಪಥದಲ್ಲಿ ಒಂದು ಸುತ್ತು ಓಡುತ್ತ ಹೆಜ್ಜೆಗಳನ್ನು ಎಣಿಸಿಕೊಳ್ಳುವುದು. ಐನೂರು ಹೆಜ್ಜೆಯಾದರೆ ಹೆಜ್ಜೆಗೆ ೮೦ ಸೆಂಟಿಮೀಟರ್ ಎಂದಾಯಿತು. ಹೆಜ್ಜೆ ಎಣಿಸುವ ಯಂತ್ರಗಳು ನಡೆಯುವುದು ಇದೇ ತತ್ತ್ವದ ಮೇಲೆ. ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಅಂಥ ಒಂದು ಯಂತ್ರಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರಿತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಇಂದಿನ ನುಡಿಗಟ್ಟು ಹರಡಿದ್ದು ಅಲ್ಲಿಂದ. ಆದರೆ ದಣಿದಾಗ ಹೆಜ್ಜೆ ಕಿರಿದಾಗುತ್ತದೆ, ಇಳಿಜಾರಿನಲ್ಲಿ ಹಿರಿದಾಗುತ್ತದೆ. ಆದ್ದರಿಂದ ಈ ಲೆಕ್ಕವನ್ನು ಅಂದಾಜೆಂದೇ ತಿಳಿಯಬೇಕು.

ಆಕಾಶದಿಂದ ಬರುವ ಅಂಕೆ

ಇಂದು ಬಹುಮಂದಿ ನೆಚ್ಚುವುದು ಉಪಗ್ರಹಗಳನ್ನು. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಕಾಲದ ಮುದ್ರೆಯೊತ್ತಿದ ಸಂಕೇತಗಳನ್ನು ಕಳುಹಿಸುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಗಡಿಯಾರ ತಾನಿರುವ ಸ್ಥಳವನ್ನು ಗುಣಿಸಿಕೊಳ್ಳುತ್ತದೆ. ಅಮೆರಿಕದ ಸೇನೆಯ ಈ ವ್ಯವಸ್ಥೆಯಲ್ಲಿ ಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕಾಗಿಸಲಾಗುತ್ತಿತ್ತು. ೨೦೦೦ದ ಮೇ ತಿಂಗಳಿನಲ್ಲಿ ಆ ಪದ್ಧತಿ ನಿಂತಿತು. ೨೦೦೩ರಲ್ಲಿ ಗಾರ್ಮಿನ್ ಕಂಪನಿ ಓಟಗಾರರಿಗಾಗಿ 'ಫೋರ್‌ರನ್ನರ್' ಎಂಬ ಗಡಿಯಾರವನ್ನು ತಂದಿತು. ಇಂದು ಅದೇ ಸೌಕರ್ಯ ಜೇಬಿನ ಮೊಬೈಲಿನಲ್ಲೂ ಉಂಟು. ಆದ್ದರಿಂದ ಹೊಸಬನಿಗೆ ಹಣ ಕೊಡದೆಯೇ ಒದಗುವ ಸಾಧನ ಅವನ ಮೊಬೈಲೇ. ಅದರ ಭಾರ, ಬೆವರು, ಬೇಗ ಇಳಿಯುವ ಬ್ಯಾಟರಿ ಇವು ಬಾಧಿಸತೊಡಗಿದಾಗ ಗಡಿಯಾರ ಕೊಂಡರಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಓಡುವ ಕಾಲಿಗೂ ಅನ್ವಯಿಸುತ್ತದೆ.

ಆಕಾಶದ ಅಂಕೆಯೂ ದೇವವಾಣಿಯಲ್ಲ. ಸಂಕೇತದ ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ನೆಲದ ಮೇಲೆ ಮುನ್ನೂರು ಮೀಟರ್ ತಪ್ಪಿದಂತೆ. ಕಬ್ಬನ್ ಉದ್ಯಾನದ ದಟ್ಟ ಎಲೆಗಳ ಕೆಳಗೆ ಸಂಕೇತ ಕುಂದುತ್ತದೆ. ಸುತ್ತಲಿನ ಎತ್ತರದ ಕಟ್ಟಡಗಳ ಗೋಡೆಗೆ ಬಡಿದು ಬಳಸಿ ಬರುತ್ತದೆ. ಆಗ ನೇರವಾಗಿ ಓಡಿದವನ ದಾರಿಯೂ ನಕ್ಷೆಯಲ್ಲಿ ಹಾವು ಹರಿದಂತೆ ಕಾಣುವುದುಂಟು. ಬಯಲಿನಲ್ಲಿ ನಿಂತು ಗಡಿಯಾರ ಉಪಗ್ರಹಗಳನ್ನು ಗುರುತಿಸುವವರೆಗೆ ಕಾದು ಹೊರಡುವುದು, ಕಂಠೀರವದ ಪಥದಲ್ಲಿ ಒಮ್ಮೆ ಓಡಿ ಅದರ ತಪ್ಪೆಷ್ಟೆಂದು ಪರೀಕ್ಷಿಸುವುದು ಜಾಣತನ. ಓಟಗಾರ ನಿಂತೊಡನೆ ತಾನೂ ನಿಲ್ಲುವ ಸೌಕರ್ಯವನ್ನು ಆರಂಭದಲ್ಲಿ ಬಳಸದಿರುವುದೇ ಮೇಲು. ದಣಿವಾರಿಸಿಕೊಂಡ ಐದು ನಿಮಿಷವನ್ನು ಮರೆಮಾಚಿ ಅದು ಹೇಳುವ ವೇಗ ಮುಖಸ್ತುತಿಯಷ್ಟೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಓಟದ ನಕ್ಷೆಗಳನ್ನು ಲೋಕಕ್ಕೆ ತೋರುವ ಸ್ಟ್ರಾವಾ ಎಂಬ ವ್ಯವಸ್ಥೆಯ ಮೂಲಕ ಸೈನಿಕ ನೆಲೆಗಳ ದಾರಿಗಳೇ ಬಯಲಾದ ಸಂಗತಿ ೨೦೧೮ರ ಜನವರಿಯಲ್ಲಿ ಬೆಳಕಿಗೆ ಬಂತು. ಸೇನೆಗೇ ಹೀಗಾದರೆ, ನಿತ್ಯ ಒಂದೇ ವೇಳೆಗೆ ಮನೆಯ ಬಾಗಿಲಿನಿಂದ ಒಬ್ಬಳೇ ಹೊರಡುವ ಹೆಣ್ಣುಮಗಳ ಪಾಡೇನು? ಮನೆಯ ಸುತ್ತಣ ದಾರಿಯನ್ನು ಮರೆಮಾಡುವ ಏರ್ಪಾಟು ಆ ವ್ಯವಸ್ಥೆಯಲ್ಲೇ ಇದೆ. ಓಟಕ್ಕೆ ಮೊದಲು ಅದನ್ನು ಹೊಂದಿಸಿಕೊಳ್ಳಬೇಕು.

ಹೀಗೆ ಅಭ್ಯಾಸ ಮಾಡಿದವರಲ್ಲಿ ಅನೇಕರ ಮೊದಲ ಗುರಿ, ೨೦೦೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ವಿಶ್ವ ಓಟ. ಅಲ್ಲಿ ಹೊಸಬರಿಗೆ ಒಂದು ಅಚ್ಚರಿ ಕಾದಿರುತ್ತದೆ: ಗೆರೆ ಇನ್ನೂ ದೂರವಿರುವಾಗಲೇ ಕೈಯ ಗಡಿಯಾರ 'ಹತ್ತು' ಎನ್ನುತ್ತದೆ. ಇಂಥ ಸ್ಪರ್ಧೆಗಳ ದಾರಿಯನ್ನು ಅಳೆಯುವುದು ಉಪಗ್ರಹದಿಂದಲ್ಲ, ಸೈಕಲ್ಲಿನಿಂದ. ಗಾಲಿಗೆ ಎಣಿಕೆಯ ಯಂತ್ರ ಸಿಕ್ಕಿಸಿ, ತಿರುವುಗಳ ಅಂಚಿಗೆ ಒತ್ತಿ, ಇದ್ದುದರಲ್ಲಿ ಅತಿ ಹತ್ತಿರದ ದಾರಿಯನ್ನು ಅಳೆಯುತ್ತಾರೆ. ದಾರಿ ಎಲ್ಲೂ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಗುಂಪಿನಲ್ಲಿ ಅತ್ತಿತ್ತ ಬಳಸಿ ಓಡಿದವನ ದೂರ ಇದಕ್ಕಿಂತ ಹೆಚ್ಚಾಗುವುದು ಸಹಜ. ಇದನ್ನು ಅರಿತವನು ಕೊನೆಯ ಉಸಿರನ್ನು ಗೆರೆಗಾಗಿ ಉಳಿಸಿಕೊಳ್ಳುತ್ತಾನೆ. ಅರಿಯದವನು ಗಡಿಯಾರಕ್ಕಾಗಿ ವೆಚ್ಚಮಾಡಿಬಿಡುತ್ತಾನೆ.

ಯಾವ ಗಡಿಯಾರವಾದರೂ ಆಗಲಿ, ಅದರ ಜೊತೆಗೆ ಎರಡು ಸರಕು ಇರಬೇಕು. ಒಂದು, ತಾರೀಖು, ನಿಮಿಷ, ಸುತ್ತು, ನೋವು ಇವನ್ನು ಬರೆದಿಡುವ ಪುಟ್ಟ ಪುಸ್ತಕ. ಎರಡು, ಓಡುತ್ತಲೇ ಪಕ್ಕದವರೊಡನೆ ನಾಲ್ಕು ಮಾತನಾಡುವಷ್ಟು ಉಸಿರು. ಮಾತು ನಿಂತಿತೆಂದರೆ ವೇಗ ಮೀರಿತೆಂದರ್ಥ. ಈ ಎರಡನೆಯ ಮಾಪಕ ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಹುಟ್ಟುವಾಗಲೇ ಎಲ್ಲರಿಗೂ ಕೊಟ್ಟು ಕಳುಹಿಸಲಾಗಿದೆ.