ಇಂದಿರೆಯ ‘ಒಲ್ಲೆ’

ಕಾದಂಬರಿಯನ್ನು ಓದಿ ಮೆಚ್ಚಿದವರಿಗೆ ಅದರ ಚಲಚ್ಚಿತ್ರ ರುಚಿಸುವುದು ಅಪರೂಪ. ಈ ಮಾತಿಗೆ ನಾನು ಕಂಡ ಅಪವಾದ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರ ತೆರೆ ಕಂಡದ್ದು 1967ರಲ್ಲಿ. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರವದು. 1963ರಲ್ಲಿಯೇ ತೀರಿಕೊಂಡ ಲೇಖಕಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ.

ಕತೆ ಸರಳವಾದುದು. ಮಲೆನಾಡಿನ ಸಿರಿವಂತ ಸದಾಶಿವರಾಯರಿಗೆ ಇಂದಿರೆ ಒಬ್ಬಳೇ ಮಗಳು. ಅವಳ ಕೈಹಿಡಿಯಲಿರುವ ಮೋಹನ ರಾಯರ ಹಣದಿಂದಲೇ ಹೆಚ್ಚಿನ ವ್ಯಾಸಂಗಕ್ಕೆಂದು ವಿದೇಶಕ್ಕೆ ತೆರಳುತ್ತಾನೆ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದದ್ದೇ ತಡ, ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಆರೈಕೆ ಮಾಡುವವಳು ಇಂದಿರೆಯೇ. ಆದರೆ ಪಶ್ಚಾತ್ತಾಪಗೊಂಡ ಅವನು ಮದುವೆಯ ಮಾತೆತ್ತಿದಾಗ ಮಾತ್ರ ಆಕೆ ಒಲ್ಲೆನೆನ್ನುತ್ತಾಳೆ. ಕೋಪವಿಲ್ಲದ, ಆದರೆ ಹಿಂದೆಗೆಯದ ಆ ನಿರಾಕರಣೆಯನ್ನು ಕಲ್ಪನಾ ಅವರು ಮುಖದಲ್ಲಿಯೇ ತೋರಿದ್ದಾರೆ. ಬೇಂದ್ರೆಯವರ ‘ಬೆಳಗು’ ಕವನವನ್ನು ಈ ಚಿತ್ರದ ಹಾಡಾಗಿ ಕೇಳಿ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ.

ಸಿದ್ದಾಪುರದ ಕಡೆಯ ನಮ್ಮ ಮನೆಯ ಜಗುಲಿಯಲ್ಲಿ, ಅಡಿಕೆ ಸುಲಿಯುತ್ತ ಟಿ.ವಿ.ಯಲ್ಲಿ ಇದನ್ನು ನೋಡಿದೆವು. ಮೆಟ್ಟುಗತ್ತಿಯ ಮೇಲಿಂದಲೇ ಅಮ್ಮಮ್ಮ ಇಡೀ ಕತೆಗೆ ಒಂದೇ ಮಾತಿನ ವಿಮರ್ಶೆ ಬರೆದರು: “ತೋಟ ಇಲ್ಲೆ ಹೇಳಿ ಆದಕೂಡ್ಲೆ ಕೂಸೂ ಬ್ಯಾಡ ಆಗೋತು ಅವಂಗೆ!”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ದೊರೆತದ್ದು ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಕಾಯಿದೆಯ ಜೊತೆಗೆ ಕಾಲವೂ ಬದಲಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಇಂದು ತೋಟವಿದ್ದೂ ಹೆಣ್ಣು ಸಿಗದೆ ಉಳಿದ ಮಾಣಿಗಳು ಕಡಿಮೆಯಿಲ್ಲ. ಕೊಳೆರೋಗ, ಮಂಗಗಳ ಕಾಟ, ಆಳುಗಳ ಅಭಾವ ಇವುಗಳ ನಡುವಿನ ಬಾಳು ಕಠಿಣವೆಂಬುದು ಸುಳ್ಳಲ್ಲ. ಅದನ್ನು ಯೋಚಿಸುವುದು ಹುಡುಗಿಯರ ತಪ್ಪೂ ಅಲ್ಲ. ಆದರೆ ನಮ್ಮ ಗೆಳತಿಯರ ಮಾತನ್ನು ಕೇಳಿ ನೋಡಿ: ಬೆಂಗಳೂರಿನಲ್ಲಿ ಕೆಲಸವೇ? ಸಂಬಳವೆಷ್ಟು? ಸ್ವಂತ ಮನೆಯುಂಟೇ? ಹುಡುಗ ಎಂಥವನೆಂಬ ಪ್ರಶ್ನೆ ಎಲ್ಲಕ್ಕಿಂತ ಕಡೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಮೋಹನನ ಕೈಯಲ್ಲಿದ್ದ ತಕ್ಕಡಿಯೇ ಈಗ ನಮ್ಮ ಕೈಗೆ ಬಂದಂತಿದೆ. ಇಂದಿರೆ ನಿರಾಕರಿಸಿದ್ದು ಬಡವನನ್ನಲ್ಲ, ತನ್ನನ್ನು ತೂಗಿ ನೋಡಿದವನನ್ನು. ನಾವು ಅವಳಂತೆ ‘ಒಲ್ಲೆ’ ಎನ್ನಲು ಕಲಿತೆವು. ಅವಳು ಏಕೆ ಹಾಗೆಂದಳೆಂಬುದನ್ನು ಕಲಿಯಬೇಡವೇ?

ಇದು ಬರಿಯ ಉಪದೇಶವಲ್ಲ. ಈ ವರ್ಷ ನನಗೂ ಯಲ್ಲಾಪುರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಪದವೀಧರ; ಊರಿನಲ್ಲಿದ್ದು ತೋಟ ನೋಡಿಕೊಳ್ಳುತ್ತಾನಂತೆ. ಆಯಿಗೆ ಆತಂಕ, ಗೆಳತಿಯರಿಗೆ ನಗೆ. ನಾನು ಅಪ್ಪಯ್ಯನಿಗೆ ಹೇಳಿದ್ದೇನೆ: ಪರೀಕ್ಷೆ ಮುಗಿಯಲಿ; ಜಾತಕ ಕೂಡಿಸುವ ಮೊದಲು ಆತನೊಡನೆ ನಾನೇ ಕುಳಿತು ಮಾತನಾಡಬೇಕು. ಆಮೇಲೆ ಒಪ್ಪಿದೆನೆಂದರೂ ಒಲ್ಲೆನೆಂದರೂ ಅದು ಆ ಮನುಷ್ಯನನ್ನು ಕುರಿತ ಮಾತಾಗಿರಬೇಕು, ಅವನ ತೋಟವನ್ನು ಕುರಿತದ್ದಲ್ಲ.