ಹಳೇ ಎಕ್ಸ್‌ಪಿಯಲ್ಲಿ ಕನ್ನಡ ಬರೆಯಲು ಹೋಗಿ

ನಾವು ನಾಲ್ವರು ದುಡ್ಡು ಹಾಕಿ ತಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್‌ನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿತ್ತು. ನುಡಿಯ ಹಳೇ ಫಾಂಟಿನಲ್ಲಿ ಟೈಪಿಸಲು ನಮಗೇನೋ ಬರುತ್ತಿತ್ತು, ಆದರೆ ಅದು ನಿಮ್ಮ ಫೋನಿಗೆ ಬಂದರೆ ಬರೀ ಇಂಗ್ಲಿಷ್ ಗೋಜಲು. ಯೂನಿಕೋಡ್ ಬೇಕೇ ಬೇಕು.

ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ಗೆ ಟಿಕ್ ಹಾಕಿದೆವು. ಎಕ್ಸ್‌ಪಿ ಸಿ.ಡಿ. ಕೇಳಿತು! ಮೂರು ದಿನ ಅಲೆದು, ಪರಿಚಯದವರ ಅಟ್ಟದ ಮೇಲಿಂದ ತಂದೆವು. ರೀಸ್ಟಾರ್ಟ್ ಆದ ಮೇಲೆ ಚೌಕಗಳೆಲ್ಲ ಹೋಗಿ, ತುಂಗಾ ಫಾಂಟಿನಲ್ಲಿ ‘ಕೆರೆ’ ಎಂದು ಮೂಡಿತು. ಕುಣಿದಾಡಿಬಿಟ್ಟೆವು.

ಅದೇ ಖುಷಿಯಲ್ಲಿ ಪಕ್ಕದ ಬೀದಿಯ ಅಜ್ಜಿ ಹೇಳಿದ ಕೆರೆ ಕತೆಯನ್ನು ರಾತ್ರಿಯಿಡೀ ನೋಟ್‌ಪ್ಯಾಡಿನಲ್ಲಿ ಹೊಡೆದೆವು. ಸೇವ್ ಮಾಡುವಾಗ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಓದುವ ತಾಳ್ಮೆ ಯಾರಿಗಿತ್ತು? ಓಕೆ ಒತ್ತಿದೆವು. ಬೆಳಗ್ಗೆ ತೆರೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ‘ಎನ್‌ಕೋಡಿಂಗ್’ ಜಾಗದಲ್ಲಿ ಆನ್ಸಿ ಇತ್ತು, ಯುಟಿಎಫ್-8 ಮಾಡಬೇಕಿತ್ತು. ಹೋದ ಅಕ್ಷರ ವಾಪಸ್ ಬರಲ್ಲ.

ಆಮೇಲೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಂಡೆವು. ಹೊಸದು ಎಕ್ಸ್‌ಪಿಯಲ್ಲಿ ಓಡಲ್ಲ, 7.9.2 ಕೊನೆಯದು. ಪೆನ್‌ಡ್ರೈವ್‌ನಲ್ಲಿ ತಂದು, ಹೊಸ ಕಡತವೆಲ್ಲ ಯುಟಿಎಫ್-8 ಆಗುವಂತೆ ಸೆಟ್ಟಿಂಗ್ ಮಾಡಿಟ್ಟೆವು.

ಮತ್ತೆ ಅಜ್ಜಿಯ ಜಗಲಿಗೆ ಹೋಗಿ ತಲೆ ಕೆರೆದುಕೊಂಡು ನಿಂತೆವು. ಅಜ್ಜಿ ನಕ್ಕು, ಎಲೆ ಅಡಿಕೆ ಹಾಕಿಕೊಂಡು ಮೊದಲಿಂದ ಶುರು ಮಾಡಿದರು. ಈ ಸಲ ಕತೆಯಲ್ಲಿ ಕೆರೆ ಕೋಡಿ ಬಿದ್ದ ವರ್ಷವೂ ಬಂತು, ಹೋದ ಸಲ ಅದನ್ನು ಹೇಳಿರಲೇ ಇಲ್ಲ.